ಬಂಟಾಮಾ ಬೀದಿಯಲ್ಲಿ ಹದಿನಾರು ಜೀಬಿ

ಗುರುವಾರ ಸಂಜೆ. ಶನಿವಾರಕ್ಕೆ ಏಳು ಹೆಣ.
ಅಂದರೆ ಏಳು ಪೋಸ್ಟರು, ನಾಲ್ಕು ಬ್ಯಾನರು,
ಇನ್ನೂರು ಕರಪತ್ರ, ಮೂವತ್ತು ಟೀ ಶರ್ಟಿನ ಎದೆ.
ನನ್ನ ಕಂಪ್ಯೂಟರು ಮಾತ್ರ ಒಂದೇ ಬಳೆ ತಿರುಗಿಸುತ್ತ
ತಾನೇ ಎಂಟನೆಯದಾಗುವ ಹವಣಿಕೆಯಲ್ಲಿತ್ತು.

ಕುಮಾಸಿಯಲ್ಲಿ, ದೊಡ್ಡಾಸ್ಪತ್ರೆಯ ಹಿಂಬದಿಗೆ,
ಸತ್ತವರಿಗೆ ಸೂಟು ತೊಡಿಸುವವಳು ನಾನು, ಕೊನಾಡು.
ಸೂಜಿ ಹಿಡಿದವಳಲ್ಲ. ಮೌಸೇ ಕತ್ತರಿ.
ಕೋಕೋ ಒಣಗಿಸಿದ ಮುದುಕನಿಗೆ ಮಂತ್ರಿಯ ಕೋಟು,
ಹೊಗೆಮೀನು ಮಾರಿದವಳ ಕೊರಳಿಗೆ ಮೂರೆಳೆ ಸರ,
ಬೆನ್ನಿಗೆ ಮೋಡ, ಮೆಟ್ಟಿಲು, ಒಂದು ಪಾರಿವಾಳ.
ಎಂಬತ್ತು ದಾಟಿದವರ ನೆತ್ತಿಗೆ ‘ಕರೆ ಬಂದಿದೆ’,
ನಲವತ್ತರೊಳಗಾದರೆ ಕೆಂಪಕ್ಷರ: ‘ಎಂಥ ಆಘಾತ!’
ನಡುವಿನವರದೇ ಕಷ್ಟ.
ಮನೆಯವರ ಮುಖ ನೋಡಿ ಬರೆಯಬೇಕು.

ಟವಿಯಾ ಬಂದ, ತಿರುಪುಳಿ ಕಿವಿಗೆ ಸಿಕ್ಕಿಸಿಕೊಂಡು.
ಅವಳಿಗಳ ಬೆನ್ನಿಗೆ ಹುಟ್ಟಿದವನು, ಹೆಸರೇ ಸಾರುತ್ತದೆ;
ನೆನಪಿನ ಪಟ್ಟಿಯನ್ನೂ ಅವಳಿಯಾಗಿಯೇ ತಂದ,
ಎಂಟು ಜೀಬಿ, ಮತ್ತೆ ಎಂಟು.
ಪೆಟ್ಟಿಗೆಯ ಪಕ್ಕೆ ಬಿಚ್ಚಿದ:
ಮೂರು ಹರ್ಮಟ್ಟಾನ್‌ಗಳ ಕೆಂಧೂಳು,
ಹಲ್ಲಿಯ ಮೊಟ್ಟೆ ಎರಡು, ಒಂದು ಒಡೆದದ್ದು,
ಯಾವುದೋ ಡಚ್ ಶಾಲೆಯ ಚೀಟಿ, ಕೊಠಡಿ ಹನ್ನೆರಡು.
‘ಅಕ್ಕಾ, ಇದರೊಳಗೆ ನೀನು ಮೆಣಸು ಬಿತ್ತಬಹುದಿತ್ತು.’

ನನ್ನ ಸೋದರಸೊಸೆಯ ರಬ್ಬರು ಇಸಿದುಕೊಂಡು
ಚಿನ್ನದ ಹಲ್ಲುಗಳನ್ನು ಒಂದೊಂದೇ ಉಜ್ಜಿದ.
ಒತ್ತಿದ. ಮೂರು ಸಲ ಕೂಗಿತು ಯಂತ್ರ.
ಕಿತ್ತ, ಊದಿದ, ಬೈದ, ಇನ್ನೊಮ್ಮೆ ಒತ್ತಿದ.
ಟಕ್.
‘ಇದು ನೆನಪು. ಕರೆಂಟು ಹೋದರೆ
ತಾಯಿಯ ಹೆಸರೂ ಇದಕ್ಕೆ ಹೊಳೆಯದು.
ಇದು ಉಗ್ರಾಣ. ಇದು ಮರೆಯುವುದಿಲ್ಲ.’
ಉಗ್ರಾಣ ಬಿಸ್ಕತ್ತಿನಷ್ಟು ತೆಳ್ಳಗಿತ್ತು,
ಒಳಗೇನೂ ತಿರುಗುವುದಿಲ್ಲವಂತೆ.
ನಂಬದೆ ಕಿವಿಗಿಟ್ಟು ನೋಡಿದೆ.

ಹಳೆಯ ಡಿಸ್ಕಿನಿಂದ ಹೊಸದಕ್ಕೆ ಇಡೀ ರಾತ್ರಿ ನಕಲು.
ಹನ್ನೊಂದು ವರ್ಷದ ಸಾವುಗಳು ಸಾಲಾಗಿ
ಒಂದು ಮನೆಯಿಂದ ಇನ್ನೊಂದಕ್ಕೆ ನಡೆದವು.
ನಡುವೆ ಕರೆಂಟು ಹೋಗದಿರಲೆಂದು
ಪಕ್ಕದ ಕ್ಷೌರದಂಗಡಿಯ ಜನರೇಟರಿಗೆ ಪೆಟ್ರೋಲು ಹಾಕಿಸಿದ್ದೆ.
ಮೂರು ಗಂಟೆಗೆ ಹಳೆಯದು ಕೆರೆಯತೊಡಗಿತು,
ತಳ ಹಿಡಿದ ಪಾತ್ರೆಯನ್ನು ಸೌಟು ಕೆರೆದಂತೆ.
ಓದಲಾಗದ ಕಡತ: ಒಂಬತ್ತು.
ಎಂಟು ಬರೀ ಪಾರಿವಾಳ, ಮೋಡ. ಮತ್ತೆ ತಂದುಕೊಳ್ಳಬಹುದು.
ಒಂಬತ್ತನೆಯದು, ದುಡ್ಡು ಕೊಡದೆ ಓಡಿದವನ ಅತ್ತೆ.
ಹೋಗಲಿ. ಆದರೂ ಆಕೆಯ ಕಿವಿ ನೆನಪಿದೆ,
ಓಲೆಯ ತೂತು ಹರಿದು ಎರಡಾಗಿದ್ದು.

ಯಾಕೆಂದರೆ ಮೊದಲೆಲ್ಲ ಮುಖಗಳು
ಮೇಲಿಂದ ಕೆಳಗೆ ಇಳಿದು ಬರುತ್ತಿದ್ದವು:
ಕೂದಲು, ಹಣೆ, ಬಹಳ ಹೊತ್ತಿನ ಮೇಲೆ ಹುಬ್ಬು.
ಕಣ್ಣು ಬರುವುದರೊಳಗೆ ಒಂದು ಹಿಡಿ ಕಡಲೆಕಾಯಿ ಸುಲಿದು,
ಎದುರು ಕೂತವರನ್ನು ಕೇಳುತ್ತಿದ್ದೆ,
ಏನು ಇಷ್ಟ ಇತ್ತು, ಯಾರ ಜೊತೆ ಜಗಳ.
ಈಗ ಒತ್ತುವುದೇ ತಡ,
ನಾನು ಕುರ್ಚಿ ಎಳೆದುಕೊಳ್ಳುವ ಮೊದಲೇ
ಪೂರ್ತಿ ಮುಖ ನನ್ನನ್ನು ನೋಡುತ್ತಿರುತ್ತದೆ.
‘ಸ್ವಲ್ಪ ತಾಳಿ’ ಅಂದೆ. ಯಾರಿಗೋ.

ಶುಕ್ರವಾರ ಮಧ್ಯಾಹ್ನಕ್ಕೆ ಏಳೂ ಮುಗಿದವು.
ಸೋದರಸೊಸೆ ಹಳೆಯ ಎರಡು ಜೀಬಿಯ ಪಟ್ಟಿಗೆ
ದಾರ ಕಟ್ಟಿ ಬೀಗದ ಕೈಗೆ ಜೋತುಬಿಟ್ಟಿದ್ದಳು.
ಕೈ ಖಾಲಿ ಇಟ್ಟು ಕೂತು ರೂಢಿಯಿಲ್ಲ ನನಗೆ.

ಆಗ ಒಬ್ಬಳು ಫೋನು ಹಿಡಿದು ಒಳಗೆ ಬಂದಳು.
ಮಗಳು. ಇಪ್ಪತ್ತಮೂರು. ಹೆಸರು ಡುಫಿಯೆ.
ಚಿತ್ರ ತೆರೆದೆ, ಕತ್ತರಿಸಿದೆ, ಮೋಡ ಇಟ್ಟೆ,
ಕೆಂಪಕ್ಷರ ಬರೆದೆ. ನಾಲ್ಕು ನಿಮಿಷ.
ಆಕೆ ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ.
‘ಆಯಿತಾ? ಇಷ್ಟು ಬೇಗ?’

ಇಲ್ಲ ಅಂದೆ. ಯಂತ್ರ ಹಳೆಯದು, ತುಂಬ ನಿಧಾನ,
ಕೂತುಕೊಳ್ಳಿ, ಹೊತ್ತಾಗುತ್ತದೆ.
ಎದುರಂಗಡಿಯಿಂದ ನೀರಿನ ಪೊಟ್ಟಣ, ಕಡಲೆಕಾಯಿ ತರಿಸಿದೆ.
ಆಕೆ ಸಿಪ್ಪೆ ಮುರಿದಳು, ತಿನ್ನಲಿಲ್ಲ,
ಆಮೇಲೆ ಮೆಲ್ಲಗೆ ಮಾತಿಗೆ ಬಂದಳು.
ಮುಗಿದ ಪೋಸ್ಟರು ಚಿಕ್ಕದಾಗಿ ಮಡಚಿಕೊಂಡು
ಪರದೆಯ ಕೆಳಗಿನ ಪಟ್ಟಿಯಲ್ಲಿ ಕಾಯುತ್ತಿತ್ತು.