ಅಲುಗದ ಗುರುತು

ಬೆಳಗಿನ ನಾಲ್ಕಕ್ಕೆ, ಫ್ಲುರಿನ್ ಬೇಕರಿಯ ಒಲೆ ಹೊತ್ತಿಸುವಾಗ
ನಾನು ಇಗರ್ಜಿಯ ಪಕ್ಕ ಮೂರು ಕಾಲು ಊರಿ
ಕಣಿವೆಯಾಚೆಯ ಆಲ್ಪ್ಸ್ ಬೆಟ್ಟಕ್ಕೆ ಬೆಳಕು ಎಸೆಯುತ್ತೇನೆ.
ಕಣ್ಣಿಗೆ ಕಾಣದ ಬೆಳಕು. ಹೋಗಿ, ತಾಕಿ, ಮರಳುತ್ತದೆ;
ಮರಳಲು ಹಿಡಿದ ಹೊತ್ತೇ ದೂರ.

ದೂರದ ಬೆಟ್ಟ ನುಣ್ಣಗೆ ಅನ್ನುವುದು
ಲೇಸರಿಗೆ ಗೊತ್ತಿಲ್ಲ.
ಎಳೆ ಕೂಡಿಸದೆ ಬಿಟ್ಟ ರಂಗೋಲಿಯ ಹಾಗೆ
ಕೋಟಿ ಚುಕ್ಕಿ ತರುತ್ತದೆ:
ಬಿರುಕು, ಅಂಚು, ಒಂಟಿ ಲಾರ್ಚ್ ಮರ,
ಮತ್ತೆ ಯಾರದೋ ಮೇಕೆ. ಹದಿನೇಳು ಚುಕ್ಕಿ. ಅಳಿಸು.

ಇವತ್ತಿನ ಬೆಟ್ಟದಲ್ಲಿ ನಿನ್ನೆಯದನ್ನು ಕಳೆದರೆ
ಉಳಿಯಬೇಕಾದ್ದು ಸೊನ್ನೆ.
ಉಳಿಯುವುದು ಕೆಂಪು. ಆರು ಮಿಲಿಮೀಟರ್, ಏಳು,
ಹಿಮ ಕರಗಿದ ವಾರ ಹನ್ನೊಂದು.

"ಇವತ್ತೆಷ್ಟು?" ಅನ್ನುತ್ತಾಳೆ ಮೆಂಗಿಯಾ, ಹಾಲಿನ ಕ್ಯಾನ್ ಇಳಿಸದೆ.
ಹೇಳುತ್ತೇನೆ. ಪೇಟೆಯ ಧಾರಣೆ ಕೇಳಿದವಳ ಹಾಗೆ
ತಲೆದೂಗಿ ನಡೆಯುತ್ತಾಳೆ.

ಅಳೆಯುವವಳಿಗೆ ಅಲುಗದ್ದೊಂದು ಬೇಕು.
ಅದಕ್ಕೇ ಬೇಕರಿಯ ಗೋಡೆಗೆ, ಶಾಲೆಯ ಕಂಬಕ್ಕೆ,
ಸ್ಮಶಾನದ ಗೇಟಿಗೆ
ಕಪ್ಪು-ಬಿಳುಪು ಫಲಕ ಹೊಡೆದಿದ್ದೆ.
ಇವು ನಿಂತಿವೆ; ಇಲ್ಲಿಂದ ಲೆಕ್ಕ.

ಗುರುವಾರ ಲೆಕ್ಕ ಕೂಡಲಿಲ್ಲ.
ಗಾಜು ಒರೆಸಿದೆ. ಬ್ಯಾಟರಿ ಬದಲಿಸಿದೆ. ಮತ್ತೆ ಅಳೆದೆ, ಮತ್ತೆ.
ಬೆಟ್ಟದ ತಪ್ಪಲ್ಲ.
ಬೇಕರಿಯ ಫಲಕ ಶಾಲೆಯದರಿಂದ
ಎರಡು ಮಿಲಿಮೀಟರ್ ದೂರ ಹೋಗಿತ್ತು.

ಫ್ಲುರಿನ್ ಬಿಸಿ ಬ್ರೆಡ್ಡು ತಂದುಕೊಟ್ಟ.
"ನಮ್ಮ ಬಾಗಿಲು ಯಾಕೋ ಹಿಡಿಯುತ್ತೆ ಕಣೇ,
ಎರಡು ತಿಂಗಳಾಯಿತು.
ತೇವಕ್ಕೆ ಮರ ಉಬ್ಬಿರಬೇಕು ಅಂತ
ನಾಲ್ಕು ಸಲ ಕೀಸುಳಿ ಆಡಿಸಿದೆ."

ಸಿಬರು?
"ಒಲೆಗೆ ಹಾಕಿದೆ," ಅಂದ. "ಚೆನ್ನಾಗಿ ಉರಿಯಿತು."