ಒಂಬತ್ತು, ಒಂದು

ವಿದ್ಯಾವಿಹಾರ ದಾಟಿ ಕುರ್ಲಾ ಬರುವ ಮೊದಲು
ಹಳಿಯ ಬದಿಗೆ ಹಸಿರು ಕಾಣುತ್ತದಲ್ಲ, ಪಾಲಕ್,
ಅದರ ಬುಡದ ಮಣ್ಣು ತಂದವಳು ನಾನೇ,
ಶ್ರೀಖಂಡದ ಖಾಲಿ ಡಬ್ಬಿಗಳಲ್ಲಿ.
ಖರೆ ಮೇಡಂ ಹೇಳಿದ್ದರು, ಎರಡು ಕಿಲೋ ಸಾಕು.

ಕಾಲೇಜಿನಲ್ಲಿ ನನ್ನ ಕೆಲಸ ಗಾಜು ತೊಳೆಯುವುದು,
ಕಪ್ಪೆಗಳು ಬರುತ್ತಿದ್ದ ಕಾಲಕ್ಕೆ ಕಪ್ಪೆ ಎಣಿಸುವುದು,
ಈಗ ಎರೆಹುಳು.

ಪೆಟ್ಟಿಗೆಯ ನಡುವೆ ತಗಡಿನ ಗೋಡೆ.
ಈ ಕಡೆ ನರ್ಸರಿ ಮಣ್ಣು, ಆ ಕಡೆ ಹಳಿಯ ಮಣ್ಣು.
ತಗಡು ಮೇಲಕ್ಕೆಳೆದು, ಉಳಿದ ಗೆರೆಯ ಮೇಲೆ
ಹತ್ತು ಹುಳ ಬಿಟ್ಟು ಮುಚ್ಚಿಡಬೇಕು. ಎರಡು ದಿನ.
ಯಾರೂ ಏನೂ ಹೇಳಿಕೊಡುವುದಿಲ್ಲ ಅವಕ್ಕೆ.
ಕಣ್ಣಿಲ್ಲ, ಮೂಗಿಲ್ಲ,
ಮೈಯೆಲ್ಲ ನಾಲಗೆ.

ಮೂರನೆಯ ದಿನ ನರ್ಸರಿ ಕಡೆ ಒಂಬತ್ತು,
ಒಂದಕ್ಕೊಂದು ಹೆಣೆದುಕೊಂಡು, ಒದ್ದೆ ಜಡೆಯ ಹಾಗೆ.
ಹಳಿಯ ಕಡೆ ಒಂದು.
ಮೇಡಂ ಬರೆದುಕೊಂಡರು: ಒಂಬತ್ತು, ಒಂದು.

ಆ ಒಂದನ್ನು ಅಂಗೈಗೆ ತೆಗೆದುಕೊಂಡೆ.
ಬಣ್ಣ ಇಳಿದ ರಬ್ಬರ್ ಬ್ಯಾಂಡು.
ಕೊರಳ ಕೆಳಗಿನ ಪಟ್ಟಿ, ಮೊಟ್ಟೆಗೂಡು ಕಟ್ಟುವ ಜಾಗ,
ಊದಿ ಬಿರಿದಿತ್ತು. ಬಾಲದ ತುದಿ ಇರಲಿಲ್ಲ.
‘ಸೀಸ’ ಅಂದರು ಮೇಡಂ, ‘ಸತು, ಇನ್ನೂ ಏನೇನೋ.
ಒಮ್ಮೊಮ್ಮೆ ವಿಷವನ್ನು ಬಾಲಕ್ಕೆ ತಳ್ಳಿ
ಬಾಲವನ್ನೇ ಕಳಚಿಬಿಡುತ್ತದೆ.’
ಚಹಾ ಬಂತು. ಕೈ ತೊಳೆದುಕೊಂಡೆವು.

ಎರೆ ಅಂದರೆ ಕರಿಮಣ್ಣು, ನಮ್ಮ ಕಡೆ.
ಎರೆ ಅಂದರೆ ಗಾಳಕ್ಕೆ ಸಿಕ್ಕಿಸುವುದು.
ಎರೆ ಅಂದರೆ ಸುರಿ:
ಕೂಸಿಗೆ ನೀರು, ಹಂಚಿಗೆ ದೋಸೆ,
ಪಾತಿಗೆ ನಾಲಾದ ನೀರು, ತಗಡಿನ ಡಬ್ಬದಿಂದ,
ಹನ್ನೊಂದು ವರ್ಷ ಎರೆಯುತ್ತ ಬಂದವಳು ಅವ್ವ, ನಿಂಬೆವ್ವ.
ಅಂಬರನಾಥ ಫಾಸ್ಟ್ ಹೋದಾಗ ಮಾತ್ರ
ಸೆರಗು ಹಿಡಿಯಲು ಕೈ ಬಿಡುತ್ತಾಳೆ.

‘ಅಲ್ಲಿ ಹುಳಾ ಕಾಣಸ್ತಾವೇನ ಬೇ?’
‘ಮೊದಲಿನ ವರ್ಷ ಇದ್ದೂ. ಆಮ್ಯಾಲ ನಾನೂ ಹುಡುಕಲಿಲ್ಲ.’
ಬಾಳೆನಾರು ಹಲ್ಲಿನಲ್ಲಿ ಕಚ್ಚಿ, ಕಟ್ಟು ಬಿಗಿದು:
‘ಅವು ಮಾಡೂ ಕೆಲಸ ಈಗ ಗುದ್ದಲೀಲೆ ನಾನಽ ಮಾಡತೇನಿ.’
ಪೆಟ್ಟಿಗೆಯ ಕತೆ ಹೇಳಿದೆ. ತಗಡು, ಗೆರೆ, ಒಂಬತ್ತು.
ಅವಳು ಕೇಳಿದ್ದು ಉಳಿದದ್ದನ್ನೇ.
‘ಯಾಕ ದಾಟಲಿಲ್ಲಂತ ಅದು?’
‘ಗೊತ್ತಿಲ್ಲ.’
‘ಆ ಕಡೆ ಜಾಗಾ ಆಗಿರಲಿಕ್ಕಿಲ್ಲ ತಗೋ.’

ಮಾರದೆ ಉಳಿದ ಎರಡು ಕಟ್ಟಿನ ಪಲ್ಯ, ರಾತ್ರಿ.
ಬೆಳ್ಳುಳ್ಳಿ ತುಸು ಹೆಚ್ಚಾಗಿತ್ತು.
ಉಂಡೆ. ಇನ್ನೊಮ್ಮೆ ಹಾಕಿಸಿಕೊಂಡೆ.

ಎಣಿಸಿದ ಹುಳಗಳನ್ನು ಸ್ಪಿರಿಟ್ಟಿಗೆ ಹಾಕುವುದು ರೂಢಿ.
ಒಂಬತ್ತನ್ನು ಹಾಕಿದೆ.
ಹತ್ತನೆಯದು ಸಿಂಕಿನ ಕೆಳಗೆ, ಶ್ರೀಖಂಡದ ಡಬ್ಬಿಯಲ್ಲಿ,
ನರ್ಸರಿ ಮಣ್ಣು, ಮೇಲೊಂದು ಒದ್ದೆ ಕಾಗದ.
ಐದು ದಿನ ಏನೂ ಇಲ್ಲ.
ಇವತ್ತು ಮುಚ್ಚಳ ತೆಗೆದರೆ ಮೂಲೆಯಲ್ಲಿ ಹಿಕ್ಕೆ,
ಸಾಸಿವೆಯಷ್ಟು, ನಾಲ್ಕೋ ಐದೋ.
ಬೆರಳ ತುದಿಗೆ ಹಚ್ಚಿಕೊಂಡು
ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.
ಹೊರಬಂದದ್ದು ಯಾವ ಕಡೆಯ ಮಣ್ಣು,
ತಿಳಿಯಲಿಲ್ಲ.