ಇಪ್ಪತ್ತೆಂಟನೇ ದಿನದ ಗಾಜು

ಮೊದಲು ನಾನು ಚಿಟ್ಟೆ ಅರೆಯುತ್ತಿದ್ದೆ,
ಶಿಡ್ಲಘಟ್ಟದ ಬಿತ್ತನೆ ಕೋಠಿಯಲ್ಲಿ.
ಮೊಟ್ಟೆಯಿಟ್ಟು ದಣಿದ ತಾಯಿಯನ್ನು
ಪುಟ್ಟ ಒರಳಿಗೆ ಹಾಕಿ, ಎರಡು ಹನಿ ನೀರು ಬಿಟ್ಟು,
ಗಾಜಿಗೆ ಸವರಿ ನೋಡುವುದು.
ಗಂಟುರೋಗದ ಒಂದೇ ಮಣಿ ಹೊಳೆದರೂ
ಅವಳಿಟ್ಟ ಅಷ್ಟೂ ಮೊಟ್ಟೆ ಒಲೆಗೆ.
"ಕನಿಕರ ಬೇಡ ತಾಯಿ, ಕಣ್ಣಿಡು"
ಅನ್ನುತ್ತಿದ್ದಳು ಮುನಿವೆಂಕಟಮ್ಮ,
ಎಲೆಯಡಿಕೆಯನ್ನು ಒಂದು ಕೆನ್ನೆಗೆ ಒತ್ತರಿಸಿ.

ಈಗ ಚಿಕ್ಕಬಳ್ಳಾಪುರ. ಆಸ್ಪತ್ರೆಯ ಹಿಂದಿನ ಕೋಣೆ.
ಅದೇ ಕಣ್ಣು, ಬೇರೆ ರಕ್ತ.
ನೇರಳೆ ಬಣ್ಣ ಕುಡಿಸಿದ ಗಾಜು, ಮೇಲೊಂದು ತೊಟ್ಟು ಎಣ್ಣೆ;
ಇನ್ನೂರು ಬಿಳಿಕಣ ಎಣಿಸುವಷ್ಟರಲ್ಲಿ
ಎಷ್ಟು ಉಂಗುರ ಸಿಕ್ಕವು, ಅದಷ್ಟೇ ನನ್ನ ಲೆಕ್ಕ.
ಹೊಸ ಮದ್ದಿಗೆ ಇನ್ನೂ ಹೆಸರಿಲ್ಲ,
ತೊಟ್ಟಿಲಿಗೆ ಹಾಕದ ಕೂಸು, ಬರೀ ನಂಬರು.
ಯಾರಿಗೆ ಹೊಸದು, ಯಾರಿಗೆ ಹಳೆಯದು,
ನನಗೆ ಹೇಳುವುದಿಲ್ಲ. ಕೇಳಲೂಬಾರದು.

ಕಲ್ಲು ಕ್ವಾರಿಯಿಂದ ಬಂದವನು ಸುದಾಮ ಮಾಝಿ.
ಕಾಲಾಹಂಡಿಯಿಂದ ಜ್ವರವನ್ನೂ
ಟವೆಲ್ಲಿನಲ್ಲಿ ಗಂಟುಕಟ್ಟಿ ತಂದಿದ್ದ.
ಮೊದಲ ದಿನ ಗಾಜಿನ ತುಂಬ ಉಂಗುರ,
ಅಕ್ಕಸಾಲಿಯ ಅಂಗಡಿಯ ಹಾಗೆ.
ಮೂರನೇ ದಿನ ಎರಡು.
ಏಳಕ್ಕೆ ಒಂದೂ ಇಲ್ಲ.
ಅವತ್ತು ಎರಡು ಮುದ್ದೆ ತಿಂದನಂತೆ,
ಅಗಿದು ಅಗಿದು.
ನುಂಗಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಉಳಿದವರಲ್ಲಿ ಒಬ್ಬ ಊರಿಗೆ ಹೋದ, ಒಬ್ಬನನ್ನು ಮೇಸ್ತ್ರಿ ಬಿಡಲಿಲ್ಲ,
ಇನ್ನೊಬ್ಬನ ಫೋನು ಸತ್ತಿತ್ತು.
ಈ ವಾರ ಇಪ್ಪತ್ತೆಂಟನೇ ದಿನಕ್ಕೆ ಬಂದವನು ಇವನೊಬ್ಬನೇ,
ಕೂದಲಲ್ಲಿ ಕಲ್ಲಿನ ಹುಡಿ,
ಕೇಳುವ ಮೊದಲೇ ಬೆರಳು ಚಾಚಿ,
"ದೀದಿ, ಇದು ಲಾಸ್ಟಾ?"

ಗಾಜಿನ ಮೇಲೆ ನಂಬರು ಮಾತ್ರ.
ಇರುವುದೇ ಒಂದು ಗಾಜಾದರೆ ಗುಟ್ಟೆಲ್ಲಿ ಬಂತು.

ನೂರ ಎಂಬತ್ತು. ನೂರ ತೊಂಬತ್ತು.
ನೂರ ತೊಂಬತ್ತಾರರ ಪಕ್ಕ,
ಬಣ್ಣದ ಕಸವಿರಲಿ ದೇವರೇ ಅನ್ನುವ ಹಾಗೆ,
ಒಂದು.
ಕಣ್ಣು ತೆಗೆದೆ, ಸೆರಗಲ್ಲಿ ಒರೆಸಿದೆ, ಮತ್ತೆ ಇಟ್ಟೆ.
ನೀಲಿ ಉಂಗುರ, ಕೆಂಪು ಹರಳು.

ಸೊನ್ನೆಯೂ ಉಂಗುರದ ಹಾಗೇ ಇರುತ್ತದೆ,
ಬರೆಯಲು ಏನು ಕಷ್ಟ.

ಒಂದು ಅಂತ ಬರೆದೆ.

ಸೋತದ್ದು ಹೊಸದೋ ಹಳೆಯದೋ,
ಲಕೋಟೆ ಒಡೆಯುವವರು ನೋಡಿಕೊಳ್ಳಲಿ.
ಕೋಠಿಯಲ್ಲಾದರೆ ಒಲೆಯಿತ್ತು.
ಹೊರಗೆ ಬೆಂಚಿನ ಮೇಲೆ ಅವನು
ಹತ್ತಿಯನ್ನು ಬೆರಳಿಗೆ ಒತ್ತಿಕೊಂಡೇ ಕೂತಿದ್ದಾನೆ.
ರಕ್ತ ನಿಂತು ಎಷ್ಟೋ ಹೊತ್ತಾಯಿತು.
ಬಿಡು ಅಂತ ಯಾರೂ ಹೇಳಿಲ್ಲ.